ಹವ್ಯಾಸಿಯಾಗಿಯೇ ಉಳಿದ ಮುಷ್ಟಿಮಲ್ಲ

ಮುಷ್ಟಿಕಾಳಗದಲ್ಲಿ ಹವ್ಯಾಸಿಯ ಗೆಲುವು ವೃತ್ತಿಯ ಹಾದಿಗೆ ಮೊದಲ ಮೆಟ್ಟಿಲೆಂದೇ ಲೋಕದ ಎಣಿಕೆ. ಮುಂದೆ ಮಹಮ್ಮದ್ ಅಲಿಯೆಂದು ಹೆಸರಾದ ಕ್ಯಾಶಿಯಸ್ ಕ್ಲೇ 1960ರಲ್ಲಿ ರೋಮ್ ನಗರದಲ್ಲಿ ಒಲಿಂಪಿಕ್ ಸ್ವರ್ಣ ಗೆದ್ದು, ಅದೇ ವರ್ಷ ವೃತ್ತಿಗಿಳಿದ. ಆ ಹಾದಿಯನ್ನು ತುಳಿಯದೆಯೇ ಜಗತ್ತಿಗೆ ಪರಿಚಿತನಾದವನು ಕ್ಯೂಬಾದ ತಿಯೋಫಿಲೊ ಸ್ಟೀವನ್ಸನ್.

1952ರಲ್ಲಿ ಹುಟ್ಟಿದ ಈತ ಪುಯೆರ್ತೊ ಪಾದ್ರೆ ಎಂಬ ಊರಿನವನು. 1972ರಲ್ಲಿ ಮ್ಯೂನಿಕ್, 1976ರಲ್ಲಿ ಮಾಂಟ್ರಿಯಲ್, 1980ರಲ್ಲಿ ಮಾಸ್ಕೊ – ಹೀಗೆ ಸಾಲಾಗಿ ಮೂರು ಒಲಿಂಪಿಕ್ಸ್‌ಗಳಲ್ಲಿ ಹೆವಿವೇಟ್ ಸ್ವರ್ಣ ಈತನದಾಯಿತು. ಎಡಗೈಯಿಂದ ಎದುರಾಳಿಯನ್ನು ದೂರದಲ್ಲೇ ತಡೆದು, ಎಡೆ ಸಿಕ್ಕೊಡನೆ ಬಲಗೈಯ ಪೆಟ್ಟು ಕೊಡುವುದು ಈತನ ರೀತಿ.

ಅಲಿಯೊಡನೆ ಸೆಣಸಲು ಅಮೆರಿಕದ ಸಂಘಟಕರು ಲಕ್ಷಾಂತರ ಡಾಲರುಗಳ ಆಸೆ ತೋರಿದರು, ಈತ ಒಲ್ಲೆನೆಂದ. ಅದನ್ನು ದೇಶಪ್ರೇಮವೆಂದು ಕ್ಯೂಬಾ ಕೊಂಡಾಡಿತು. ಆದರೆ ಅಲ್ಲಿ ವೃತ್ತಿ ಮುಷ್ಟಿಕಾಳಗ 1962ರಲ್ಲೇ ನಿಷಿದ್ಧವಾಗಿತ್ತೆಂಬುದನ್ನು ಮರೆಯಲಾಗದು. ಹಣಕ್ಕೆ ಒಪ್ಪುವುದೆಂದರೆ ತಾಯ್ನೆಲವನ್ನೇ ತೊರೆಯುವುದು. ಆ ತ್ಯಾಗದಲ್ಲಿ ಮನಸ್ಸಿನ ಪಾಲೆಷ್ಟು, ಕಾನೂನಿನ ಪಾಲೆಷ್ಟು ಎಂದು ಅಳೆಯುವುದು ಹೇಗೆ?

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸನ್ನು ಕ್ಯೂಬಾ ಬಹಿಷ್ಕರಿಸಿದಾಗ ನಾಲ್ಕನೆಯ ಸ್ವರ್ಣದ ಅವಕಾಶವೂ ಕೈತಪ್ಪಿತು. ಹಣವನ್ನು ಬಿಟ್ಟವನು ಆತ. ಪದಕವನ್ನು ಬಿಡಿಸಿದ್ದು ರಾಜಕಾರಣ. ಆದರೂ 1986ರಲ್ಲಿ, 34ರ ವಯಸ್ಸಿನಲ್ಲಿ, ಅಮೆರಿಕದ ರೀನೊ ನಗರದಲ್ಲೇ ಮೂರನೆಯ ಬಾರಿ ವಿಶ್ವ ಹವ್ಯಾಸಿ ಪ್ರಶಸ್ತಿ ಗೆದ್ದ.

2022ರಲ್ಲಿ ಕ್ಯೂಬಾ ತನ್ನ ಮುಷ್ಟಿಮಲ್ಲರಿಗೆ ವೃತ್ತಿಯ ಕಣವನ್ನು ತೆರೆಯಿತು. ಸ್ಟೀವನ್ಸನ್ ತೀರಿಕೊಂಡು ಆಗಲೇ ಹತ್ತು ವರ್ಷ ಕಳೆದಿತ್ತು.