ಗುಡ್ಡ ಹತ್ತುವ ಕುದುರೆ, ಗಡಿಯಾರಕ್ಕೆ ಓಡುವ ಕುದುರೆ

ಇಂಗ್ಲೆಂಡಿನ ನ್ಯೂಮಾರ್ಕೆಟ್ಟಿನಲ್ಲಿ ಬೆಳಗಾಯಿತೆಂದರೆ ರೇಸ್ ಕುದುರೆಗಳು ಸಾಲುಸಾಲಾಗಿ ಊರ ಬೀದಿ ದಾಟಿ ವಾರೆನ್ ಹಿಲ್ ಏರುತ್ತವೆ. ಎರಡನೇ ಚಾರ್ಲ್ಸ್ ದೊರೆಯ ಕಾಲದಿಂದಲೂ ರೇಸಿಗೆ ಹೆಸರಾದ ಊರಿದು. ಇಲ್ಲಿ ಕುದುರೆ ಇರುವುದು ತರಬೇತುದಾರನ ಲಾಯದಲ್ಲಿ, ಪಳಗುವುದು ಬಯಲಿನಲ್ಲಿ. ಏರುದಾರಿ ಹತ್ತುವ ಕುದುರೆಗೆ ವಿಪರೀತ ವೇಗದ ಹಂಗಿಲ್ಲದೆ ದಮ್ಮು ಬೆಳೆಯುತ್ತದೆ. ಅದು ಬೇಕೇ ಬೇಕು. 1780ರಲ್ಲಿ ಶುರುವಾದ ಎಪ್ಸಮ್ ಡರ್ಬಿಯಲ್ಲಿ ಮೊದಲು ದಿಬ್ಬ ಏರಿ, ಆಮೇಲೆ ಟ್ಯಾಟನ್‌ಹ್ಯಾಮ್ ತಿರುವಿಗೆ ರಭಸದಿಂದ ಇಳಿಯಬೇಕು.

ಅಮೆರಿಕದಲ್ಲಿ ಬಹುಪಾಲು ಕುದುರೆಗಳ ಬಿಡಾರ ರೇಸ್‌ಕೋರ್ಸಿನಲ್ಲೇ. ಕಸರತ್ತೂ ಅಲ್ಲಿನ ಸಮತಟ್ಟಾದ ಮಣ್ಣಿನ ಟ್ರ್ಯಾಕಿನಲ್ಲಿ, ಎಡಕ್ಕೆ ತಿರುಗುತ್ತ. ಇಂಗ್ಲಿಷರ ಮೇಲಿನ ಸಿಟ್ಟಿಗೆ ವಿಲಿಯಂ ವಿಟ್ಲಿ ಎಂಬಾತ ಹುಲ್ಲಿನ ಬದಲು ಜೇಡಿಮಣ್ಣು ಹಾಸಿ, ಓಟವನ್ನು ಎಡಕ್ಕೆ ತಿರುಗಿಸಿದನೆಂದು ಕೆಂಟಕಿಯವರು ಹೇಳುತ್ತ ಬಂದಿದ್ದಾರೆ. ಮಣ್ಣಿನ ಓಟದಲ್ಲಿ ಹಿಂದುಳಿದ ಕುದುರೆಯ ಮುಖಕ್ಕೆ ಮಣ್ಣು ರಾಚುತ್ತದೆ. ಹಾಗಾಗಿ ಗೇಟು ತೆರೆದೊಡನೆ ಮುನ್ನುಗ್ಗುವುದೇ ಮೊದಲ ಪಾಠ. ಸ್ಟಾಪ್‌ವಾಚ್ ಹಿಡಿದವರು ಬೆಳಗಿನ ಓಟವನ್ನು ಅಳೆಯುತ್ತಾರೆ, ಅದು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ರೇಸನ್ನು ಬ್ರಿಟಿಷರಿಂದ ಪಡೆದ ಬೆಂಗಳೂರು ಈ ವಿಷಯದಲ್ಲಿ ಅಮೆರಿಕಕ್ಕೇ ಹತ್ತಿರ: ಲಾಯಗಳು ರೇಸ್‌ಕೋರ್ಸಿನ ಆವರಣದಲ್ಲೇ ಇವೆ, ಬೆಳಗಿನ ಓಟದ ಸಮಯ ಪತ್ರಿಕೆಗಳಲ್ಲಿ ಬರುತ್ತದೆ.

ಎರಡೂ ಪದ್ಧತಿಗಳು ಮುಖಾಮುಖಿಯಾದದ್ದೂ ಉಂಟು. 1897ರಲ್ಲಿ ಅಮೆರಿಕದ ಜಾಕಿ ಟಾಡ್ ಸ್ಲೋನ್ ಕುದುರೆಯ ಕತ್ತಿನ ಮೇಲೆ ಬಾಗಿ ಕೂತು ಓಡಿಸಿದಾಗ ಇಂಗ್ಲೆಂಡಿನವರು ನಕ್ಕರು, ಬೇಗನೆ ತಾವೂ ಹಾಗೇ ಕೂರತೊಡಗಿದರು. 1901ರಲ್ಲಿ ಅಮೆರಿಕದ ಜಾನ್ ಹಗಿನ್ಸ್ ಪಳಗಿಸಿದ ವೊಲೊಡಿಯೊವ್ಸ್ಕಿ ಎಪ್ಸಮ್ ಡರ್ಬಿ ಗೆದ್ದಿತು. ಅದೇ ಹೊತ್ತಿಗೆ ಕೆಲವು ಅಮೆರಿಕನ್ನರ ಜೊತೆ ಉತ್ತೇಜಕ ಮದ್ದೂ ಬಂತು. ಇಂಗ್ಲೆಂಡಿನ ಜಾಕಿ ಕ್ಲಬ್ ಅದನ್ನು ನಿಷೇಧಿಸಿತು. ಆ ಬಿಗಿ ಇಂದಿಗೂ ಉಳಿದಿದೆ. ಶ್ವಾಸಕೋಶದ ರಕ್ತಸ್ರಾವ ತಡೆಯಲು ರೇಸಿನ ದಿನವೇ ಕೊಡುವ ಫ್ಯುರೋಸೆಮೈಡ್ ಅಮೆರಿಕದಲ್ಲಿ ದಶಕಗಳ ಕಾಲ ಮಾಮೂಲಾಗಿತ್ತು. ಯುರೋಪಿನಲ್ಲಿ ಅದಕ್ಕೆ ಅವಕಾಶವಿಲ್ಲ.

ಎರಡೂ ಪದ್ಧತಿ ಅರಿತವನು ತರಬೇತುದಾರ ಮೈಕೆಲ್ ಡಿಕಿನ್ಸನ್. 1983ರ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ಪಿನಲ್ಲಿ ಮೊದಲ ಐದು ಸ್ಥಾನಗಳೂ ಈ ಇಂಗ್ಲಿಷನ ಕುದುರೆಗಳಿಗೇ ಸಿಕ್ಕಿದ್ದವು. ಅಮೆರಿಕಕ್ಕೆ ಹೋದ ಮೇಲೆ ಅವನು ಮೇರಿಲ್ಯಾಂಡಿನಲ್ಲಿ ಟಪೀಟಾ ಎಂಬ ತೋಟ ಕಟ್ಟಿ, ಏರುತಗ್ಗಿನ ಓಟದ ಹಾದಿಗಳನ್ನು ಹಾಕಿಸಿದ. ಅವನು ಪಳಗಿಸಿದ ಡಾ ಹಾಸ್ ಎಂಬ ಕುದುರೆ 1996ರಲ್ಲಿ ಬ್ರೀಡರ್ಸ್ ಕಪ್ ಮೈಲ್ ಎಂಬ ಓಟ ಗೆದ್ದು, ಬಳಿಕ ಕಾಲುನೋವಿನಿಂದ ಸುಮಾರು ಎರಡು ವರ್ಷ ರೇಸಿನಿಂದ ದೂರ ಉಳಿಯಿತು. ನಿತ್ಯ ವೇಗ ಅಳೆಯುವ ಟ್ರ್ಯಾಕಿನಲ್ಲಿ ಅಂಥ ಕಾಲು ತಡೆದೀತೇ? ಡಿಕಿನ್ಸನ್ ಅದನ್ನು ತನ್ನ ತೋಟದಲ್ಲೇ ತಾಳ್ಮೆಯಿಂದ ಸಜ್ಜುಗೊಳಿಸಿದ. ನಡುವೆ ಒಂದೇ ಒಂದು ರೇಸ್ ಓಡಿದ ಆ ಕುದುರೆ, 1998ರಲ್ಲಿ ಅಮೆರಿಕದ ರೇಸಿನ ಹೃದಯವಾದ ಚರ್ಚಿಲ್ ಡೌನ್ಸಿನಲ್ಲಿ ತಲೆಯಳತೆಯ ಅಂತರದಲ್ಲಿ ಅದೇ ಮೈಲ್ ಓಟವನ್ನು ಮತ್ತೆ ಗೆದ್ದಿತು.