ಲಾರಿ ಬಾಡಿಗೆಯ ಲೆಕ್ಕ

ವರ್ಷಕ್ಕೊಮ್ಮೆ ನಮ್ಮ ಆಫೀಸಿನಲ್ಲಿ ಲಂಚದ ವಿರುದ್ಧ ಒಂದು ಆನ್‌ಲೈನ್ ಟ್ರೇನಿಂಗ್ ಇರುತ್ತೆ. ನಿಮ್ಮಲ್ಲೂ ಇರಬಹುದು. ಕಾಫಿ ಕುಡೀತಾ ನೆಕ್ಸ್ಟ್, ನೆಕ್ಸ್ಟ್ ಒತ್ತಿ ಮುಗಿಸುವವನು ನಾನು. ಈ ಸಲ ‘ಅನುಮಾನ ಹುಟ್ಟಿಸುವ ಶುಲ್ಕಗಳು’ ಅನ್ನೋ ಸ್ಲೈಡಿನ ಹತ್ತಿರ ಕೈ ನಿಂತಿತು. ಇರಾಕಿನ ಗೋಧಿ ನೆನಪಾಯ್ತು.

1990ರಲ್ಲಿ ಸದ್ದಾಂ ಹುಸೇನ್ ಕುವೈತಿನ ಮೇಲೆ ದಾಳಿ ಮಾಡಿದಾಗ ವಿಶ್ವಸಂಸ್ಥೆ ಇರಾಕಿನ ಮೇಲೆ ದಿಗ್ಬಂಧನ ಹೇರಿತು. ಪೆಟ್ಟು ಬಿದ್ದದ್ದು ಜನಸಾಮಾನ್ಯರ ಹೊಟ್ಟೆಗೆ. ಅದಕ್ಕಾಗಿ 1996ರ ಕೊನೆಗೆ ‘ಆಹಾರಕ್ಕಾಗಿ ತೈಲ’ ಯೋಜನೆ ಶುರುವಾಯ್ತು. ಇರಾಕ್ ತೈಲ ಮಾರಬಹುದು, ಆದರೆ ಹಣ ವಿಶ್ವಸಂಸ್ಥೆಯ ಉಸ್ತುವಾರಿಯ ಖಾತೆಗೆ ಹೋಗಬೇಕು. ಒಂದು ಪಾಲು ಯುದ್ಧ ಪರಿಹಾರಕ್ಕೆ, ಬಹುಪಾಲು ಆಹಾರ, ಔಷಧಿಗೆ. ಅಂದ್ರೆ ಇದು ಯಾರೋ ಹಾಕಿದ ಭಿಕ್ಷೆಯಲ್ಲ, ಇರಾಕಿಗಳದ್ದೇ ದುಡ್ಡು. 2003ರ ಹೊತ್ತಿಗೆ ಸುಮಾರು 6,400 ಕೋಟಿ ಡಾಲರಿನ ತೈಲ ಮಾರಾಟವಾಗಿತ್ತು.

ಇದಕ್ಕೆ ಕನ್ನ ಬಿದ್ದದ್ದು ಇನ್‌ವಾಯ್ಸ್ ಮೂಲಕ. ಆಸ್ಟ್ರೇಲಿಯಾದ ಗೋಧಿ ಕಂಪನಿ ಎಡಬ್ಲ್ಯೂಬಿ, ಜೋರ್ಡಾನಿನ ಅಲಿಯಾ ಎಂಬ ಸಂಸ್ಥೆಗೆ ‘ಲಾರಿ ಬಾಡಿಗೆ’ ಅಂತ ಸುಮಾರು 29 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಟ್ಟಿತು. ಅಲಿಯಾ ಆ ಗೋಧಿಯನ್ನು ಸಾಗಿಸಲೇ ಇಲ್ಲ. ಹಣ ಸದ್ದಾಂ ಸರ್ಕಾರಕ್ಕೆ ಹೋಯ್ತು. ಆ ಬಾಡಿಗೆಯನ್ನು ಗೋಧಿಯ ಬೆಲೆಯಲ್ಲೇ ಸೇರಿಸಿದ್ದರಿಂದ ಕಂಪನಿಗೆ ನಷ್ಟವಿಲ್ಲ. ಖಾಲಿಯಾದದ್ದು ಜನರ ಖಾತೆ.

2005ರಲ್ಲಿ ಪಾಲ್ ವೋಲ್ಕರ್ ಸಮಿತಿ 2,200ಕ್ಕೂ ಹೆಚ್ಚು ಕಂಪನಿಗಳತ್ತ ಬೆರಳು ತೋರಿಸಿತು. ಒಟ್ಟು ಕಪ್ಪಕಾಣಿಕೆ ಸುಮಾರು 180 ಕೋಟಿ ಡಾಲರ್. ಆ ವರದಿಯ ಬಿಸಿಗೆ ನಮ್ಮ ವಿದೇಶಾಂಗ ಸಚಿವ ನಟವರ್ ಸಿಂಗ್ ಖಾತೆ ಕಳೆದುಕೊಂಡದ್ದು ಕೆಲವರಿಗೆ ನೆನಪಿರಬಹುದು.

ಸರಿ, ಶಿಕ್ಷೆ? ಯೋಜನೆಯ ಮುಖ್ಯಸ್ಥ ಬೆನನ್ ಸೆವಾನ್ ಮೇಲೆ 2007ರಲ್ಲಿ ನ್ಯೂಯಾರ್ಕಿನಲ್ಲಿ ಆರೋಪಪಟ್ಟಿ ಬಂತು. ಆರೋಪ ನಿರಾಕರಿಸಿದ ಆತ ಅಷ್ಟರಲ್ಲಿ ತನ್ನ ದೇಶ ಸೈಪ್ರಸ್ ಸೇರಿದ್ದ, ವಿಚಾರಣೆ ನಡೆಯಲೇ ಇಲ್ಲ. ಟೆಕ್ಸಾಸಿನ ತೈಲ ಉದ್ಯಮಿ ಆಸ್ಕರ್ ವಾಯಟ್ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಎಡಬ್ಲ್ಯೂಬಿಯ ಮಾಜಿ ಅಧ್ಯಕ್ಷರಿಗೆ ಸಿವಿಲ್ ಕೇಸಿನಲ್ಲಿ 50,000 ಡಾಲರ್ ದಂಡ ಬಿತ್ತು, ಅದೂ 2017ರಲ್ಲಿ.

ಅಮೆರಿಕದ ಲಂಚ ವಿರೋಧಿ ಕಾನೂನಿಗೆ ಇನ್ನೊಂದು ತೊಡಕಿತ್ತು. ಅಧಿಕಾರಿಯ ಜೇಬಿಗೆ ಕೊಟ್ಟರೆ ಲಂಚ, ಸರ್ಕಾರಕ್ಕೇ ಕೊಟ್ಟರೆ? ಹಾಗಾಗಿ ಎಷ್ಟೋ ಕಂಪನಿಗಳ ಮೇಲೆ ನಿಂತ ಆರೋಪ ‘ಲೆಕ್ಕ ತಪ್ಪು ಬರೆದಿರಿ’ ಅನ್ನೋದಷ್ಟೇ.

ನನ್ನನ್ನು ಕಾಡೋದು ಕೊನೆಯ ಅಧ್ಯಾಯ. ಹೊಸ ಇರಾಕ್ ಸರ್ಕಾರ ಆ ಕಂಪನಿಗಳ ವಿರುದ್ಧ ಅಮೆರಿಕದ ಕೋರ್ಟಿಗೆ ಹೋಯ್ತು. 2014ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಕಾರಣ: ಆ ವಂಚನೆಯಲ್ಲಿ ಇರಾಕ್ ಸರ್ಕಾರವೇ ಪಾಲುದಾರ! ಕದ್ದವನು ಸದ್ದಾಂ, ಕಳೆದುಕೊಂಡವರು ಅವನ ಪ್ರಜೆಗಳು, ಕಾನೂನಿನ ಕಣ್ಣಿಗೆ ಇಬ್ಬರೂ ಒಂದೇ ‘ಇರಾಕ್’.

ಆ ಲಾರಿ ಬಾಡಿಗೆಯ ಬಿಲ್ಲುಗಳನ್ನು ಟೈಪ್ ಮಾಡಿದವರೂ ನಮ್ಮಂಥ ಸಂಬಳದ ಜನ. ಸ್ಲೈಡಿಗೆ ವಾಪಸ್ ಹೋಗಿ ಮೊದಲಿಂದ ಓದಿದೆ.