ಕ್ಯಾಸೆಟ್‌ನಿಂದ ಓಟಿಜಿ ಕೇಬಲ್ ತನಕ: ಚಿಪ್‌ಗೆ ಪ್ರೋಗ್ರಾಮ್ ತುಂಬಿದ ಕಥೆ

ಇವತ್ತಿನ ಕಥೆ ನಂಜನಗೂಡು ತಾಲ್ಲೂಕಿನ ದೇವನೂರಿಂದ ಶುರುವಾಗುತ್ತೆ. ಹೌದು, ಸಾಹಿತಿ ದೇವನೂರ ಮಹಾದೇವ ಅವರ ಊರು ಅದೇ.

ಆ ಕಡೆ ಮಕ್ಕಳ ಜೊತೆ ಒಂದು ವಿಜ್ಞಾನ ಮಾದರಿ ಮಾಡೋಕೆ ಕೂತಿದ್ದೆ. ಬಾಳೆ ತೋಟದ ಮಣ್ಣು ಒಣಗಿದರೆ ದೀಪ ಹತ್ತಬೇಕು, ಅಷ್ಟೇ. ಒಂದು ಆರ್ಡುಯಿನೊ ಬೋರ್ಡು, ಮಣ್ಣಿನ ತೇವ ನೋಡೋ ಸೆನ್ಸರು, ಒಂದು ಎಲ್‌ಇಡಿ. ತರಗತಿಯ ಕುಂಡದಲ್ಲಿ ಚೆನ್ನಾಗೇ ಕೆಲಸ ಮಾಡ್ತು. ತೋಟಕ್ಕೆ ಹೋದ್ರೆ ಹಸಿ ಮಣ್ಣಲ್ಲೂ ದೀಪ ಉರೀತಿದೆ! ತಪ್ಪು ನಂದೇ. ಕುಂಡದಲ್ಲಿದ್ದದ್ದು ಕೆಂಪು ಮಣ್ಣು, ತೋಟದ್ದು ಕಪ್ಪು ಮಣ್ಣು. ಸೆನ್ಸರ್ ಕೊಡೋ ಮಾಪನ ಬೋರ್ಡಿನಲ್ಲಿ 0 ಇಂದ 1023ರ ನಡುವಿನ ಒಂದು ಸಂಖ್ಯೆ ಆಗುತ್ತೆ. ಎಷ್ಟು ದಾಟಿದರೆ 'ಒಣಗಿದೆ' ಅಂತ ತಿಳ್ಕೋಬೇಕು ಅನ್ನೋದು ಆಯಾ ಮಣ್ಣಿಗೆ ಬೇರೆ ಬೇರೆ.

ಪ್ರೋಗ್ರಾಮಿನಲ್ಲಿ ಬದಲಾಗಬೇಕಿದ್ದದ್ದು ಒಂದೇ ಒಂದು ಸಂಖ್ಯೆ. ಆದರೆ ಲ್ಯಾಪ್‌ಟಾಪ್ ಶಾಲೆಯ ಕೊಠಡೀಲಿ, ಬೀಗದೊಳಗೆ. ಅವತ್ತು ಶನಿವಾರ. "ಸೋಮವಾರ ನೋಡೋಣ" ಅಂದೆ. ಒಬ್ಬ ಹುಡುಗ ಕೇಳಿದ: "ಫೋನಿಂದ ಆಗಲ್ವಾ ಸಾ?"

ಈ ಪ್ರಶ್ನೆಯ ಹಿಂದೆ ಐವತ್ತು ವರ್ಷದ ಇತಿಹಾಸ ಇದೆ. 1971ರಲ್ಲಿ ಇಂಟೆಲ್ ಕಂಪನಿಯ ಡೋವ್ ಫ್ರೋಮನ್ ಇಪ್ರಾಮ್ ಅನ್ನೋ ಮೆಮೊರಿ ಚಿಪ್ ರೂಪಿಸಿದರು. ಅದರ ಬೆನ್ನ ಮೇಲೆ ಪಾರದರ್ಶಕವಾದ ಒಂದು ಪುಟ್ಟ ಕಿಟಕಿ. ಬರೆದದ್ದು ತಪ್ಪಾಯ್ತಾ? ಚಿಪ್ ಕಿತ್ತು, ನೇರಳಾತೀತ ದೀಪದ ಕೆಳಗೆ ನಿಮಿಷಗಟ್ಟಲೆ ಇಟ್ಟು ಅಳಿಸಿ, ಮತ್ತೆ ಬರೀಬೇಕು. 1980ರಲ್ಲಿ ಬಂದ 8051 ಅನ್ನೋ ಮೈಕ್ರೊಕಂಟ್ರೋಲರ್ ನಮ್ಮ ಇಂಜಿನಿಯರಿಂಗ್ ಪಠ್ಯದಲ್ಲಿ ಬಹಳ ವರ್ಷ ಇತ್ತು. ನಾನು ಓದೋ ಹೊತ್ತಿಗೆ ಫ್ಲ್ಯಾಶ್ ಮೆಮೊರಿ ಬಂದು ದೀಪದ ಕೆಲಸ ಹೋಗಿತ್ತು. ಆದರೂ ಚಿಪ್ ಕೀಳೋದು, 'ಪ್ರೋಗ್ರಾಮರ್' ಅನ್ನೋ ಡಬ್ಬಿಗೆ ಕೂರಿಸೋದು ತಪ್ಪಿರಲಿಲ್ಲ. ಆ ಡಬ್ಬಿ ಲ್ಯಾಬಿನ ಒಂದೇ ಕಂಪ್ಯೂಟರಿಗೆ ಅಂಟಿಕೊಂಡಿತ್ತು. ನಾವು ಸಾಲಲ್ಲಿ ನಿಲ್ತಿದ್ವಿ. ಚಿಪ್ಪಿನ ಕಾಲು ಮುರಿದರೆ ಬೈಗುಳ ಬೇರೆ.

ಇದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. ಮನೇಲಿ ಆಗಲೇ ಇರೋ ವಸ್ತುವನ್ನೇ ಬಳಸೋದು. 1981ರಲ್ಲಿ ಬ್ರಿಟನ್ನಿನಲ್ಲಿ ಬಂದ ಬಿಬಿಸಿ ಮೈಕ್ರೊ ಕಂಪ್ಯೂಟರಿಗೆ ಸಾಮಾನ್ಯ ಟೇಪ್ ರೆಕಾರ್ಡರ್‌ನಿಂದಲೇ ಪ್ರೋಗ್ರಾಮ್ ತುಂಬಬಹುದಿತ್ತು. ಕ್ಯಾಸೆಟ್ ಹಾಕಿದ್ರೆ 'ಕಿರ್ರ್' ಅನ್ನೋ ಸದ್ದು. ಆ ಸದ್ದೇ ಪ್ರೋಗ್ರಾಮು. ನೆದರ್ಲೆಂಡ್ಸ್‌ನಲ್ಲಂತೂ ರೇಡಿಯೊದಲ್ಲೇ ಈ ಸದ್ದು ಪ್ರಸಾರ ಮಾಡ್ತಿದ್ರು, ಜನ ರೆಕಾರ್ಡ್ ಮಾಡ್ಕೊಂಡು ಕಂಪ್ಯೂಟರಿಗೆ ಹಾಕ್ತಿದ್ರು. ಒಂಥರಾ ಆ ಕಾಲದ ಪಾಡ್‌ಕಾಸ್ಟ್ ಡೌನ್‌ಲೋಡ್! 1984ರಲ್ಲಿ ಭಾರತ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಕಲಿಸೋಕೆ 'ಕ್ಲಾಸ್' ಅನ್ನೋ ಯೋಜನೆ ತಂದಾಗ ಕೊಟ್ಟದ್ದೂ ಇದೇ ಬಿಬಿಸಿ ಮೈಕ್ರೊ.

ಈಗ 2005ಕ್ಕೆ ಬನ್ನಿ. ಇಟಲಿಯ ಇವ್ರೇಯಾ ಪಟ್ಟಣದಲ್ಲಿ ಆರ್ಡುಯಿನೊ ಹುಟ್ಟಿತು. ಇದರ ಗುಟ್ಟು 'ಬೂಟ್‌ಲೋಡರ್'. ಚಿಪ್ಪಿನೊಳಗೆ ಮೊದಲೇ ಕೂತಿರೋ ಒಂದು ಪುಟ್ಟ ಪ್ರೋಗ್ರಾಮು ಅದು. ಆರ್ಡುಯಿನೊ ಊನೊದ 32 ಕಿಲೋಬೈಟ್ ಜಾಗದಲ್ಲಿ ಅರ್ಧ ಕಿಲೋಬೈಟ್ ಮಾತ್ರ ಅದರದ್ದು. ಬೋರ್ಡ್ ರೀಸೆಟ್ ಆದ ತಕ್ಷಣ ಅದು ಒಂದು ಕ್ಷಣ ಕಿವಿಗೊಟ್ಟು ಕೇಳುತ್ತೆ: ಹೊಸ ಪ್ರೋಗ್ರಾಮ್ ಬರ್ತಿದೆಯಾ? ಬಂದರೆ ಬರ್ಕೊಳ್ಳುತ್ತೆ, ಇಲ್ಲದಿದ್ರೆ ಹಳೇದನ್ನೇ ಓಡಿಸುತ್ತೆ. ಚಿಪ್ ಕೀಳೋದು ನಿಂತಿತು, ಯುಎಸ್‌ಬಿ ಕೇಬಲ್ ಸಾಕಾಯ್ತು. ಆದರೆ ಕೇಬಲ್ಲಿನ ಆ ತುದೀಲಿ ಕಂಪ್ಯೂಟರೇ ಇರಬೇಕಿತ್ತು.

ಫೋನಿಗೆ ಆ ಜಾಗ ಸಿಕ್ಕಿದ್ದು ಆಮೇಲೆ. ಯುಎಸ್‌ಬಿಯಲ್ಲಿ ಒಬ್ಬರು ಯಜಮಾನ, ಇನ್ನೊಬ್ಬರು ಹೇಳಿದಂಗೆ ಕೇಳೋರು. ಕಂಪ್ಯೂಟರಿಗೆ ಸಿಕ್ಕಿಸಿದಾಗ ಫೋನು ಕೇಳೋ ಕಡೆ ಇರುತ್ತೆ. ಓಟಿಜಿ ಅಡಾಪ್ಟರ್ ಹಾಕಿದ್ರೆ ಅದೇ ಫೋನು ಯಜಮಾನ. 2011ರಲ್ಲಿ ಆಂಡ್ರಾಯ್ಡ್ 3.1 ಬಂದಾಗ ಆ್ಯಪ್‌ಗಳಿಗೆ ಈ ಅಧಿಕಾರ ಸಿಕ್ಕಿತು. ಆರ್ಡುಯಿನೊಡ್ರಾಯ್ಡ್ ಥರದ ಆ್ಯಪ್ ಫೋನಲ್ಲೇ ಪ್ರೋಗ್ರಾಮನ್ನ ಯಂತ್ರಭಾಷೆಗೆ ಬದಲಿಸಿ ಬೋರ್ಡಿಗೆ ಕಳಿಸುತ್ತೆ. 2016ರಲ್ಲಿ ಬಿಬಿಸಿ ಮತ್ತೆ ಮಕ್ಕಳ ಕಡೆ ತಿರುಗಿತು. ಬ್ರಿಟನ್ನಿನ ಶಾಲಾಮಕ್ಕಳಿಗೆ ಸುಮಾರು 10 ಲಕ್ಷ 'ಮೈಕ್ರೊಬಿಟ್' ಬೋರ್ಡು ಹಂಚಿತು. ಅದಕ್ಕೆ ಫೋನಿಂದ ಬ್ಲೂಟೂತ್‌ನಲ್ಲೇ ಪ್ರೋಗ್ರಾಮ್ ಹೋಗುತ್ತೆ. ಇಎಸ್‌ಪಿ32 ಬೋರ್ಡುಗಳಿಗೆ ಮೊದಲ ಸಲ ಕೇಬಲ್ಲಲ್ಲಿ ತಕ್ಕ ಪ್ರೋಗ್ರಾಮ್ ಹಾಕಿಬಿಟ್ರೆ, ಆಮೇಲಿನದ್ದನ್ನ ವೈಫೈಯಲ್ಲೇ ಕಳಿಸಬಹುದು.

ತೋಟಕ್ಕೆ ವಾಪಸ್ ಬರೋಣ. ಹುಡುಗನ ಅಪ್ಪನ ಹತ್ರ ಕೇಳ್ದೆ: "ಅಣ್ಣಾ, ಅರ್ಧ ಗಂಟೆ ಫೋನ್ ಕೊಡ್ತೀರಾ?" "ತಗಳಿ ಸಾ, ಯಾರಾದ್ರೂ ಫೋನ್ ಮಾಡುದ್ರೆ ಕೊಟ್ಬುಡಿ" ಅಂದ್ರು. ಆ್ಯಪ್ ಇಳಿಸೋಕೇ ಬಹಳ ಹೊತ್ತಾಯ್ತು. ಓಟಿಜಿ ಅಡಾಪ್ಟರ್ ನನ್ನ ಬ್ಯಾಗಲ್ಲಿತ್ತು. ಬೋರ್ಡು ಮಾತ್ರ ಫೋನಿಗೆ ಕಾಣಲೇ ಇಲ್ಲ. ಕೊನೆಗೆ ಗೊತ್ತಾಯ್ತು, ನಾವು ಹಾಕಿದ್ದು ಚಾರ್ಜಿಂಗ್‌ಗೆ ಮಾತ್ರ ಆಗೋ ಕೇಬಲ್ಲು, ಅದರಲ್ಲಿ ಡೇಟಾ ತಂತೀನೇ ಇರಲ್ಲ. ಬೇರೆ ಕೇಬಲ್ ಹಾಕಿದ್ವಿ. ಹುಡುಗ ಒದ್ದೆ ಮಣ್ಣಲ್ಲೊಮ್ಮೆ, ಒಣ ಮಣ್ಣಲ್ಲೊಮ್ಮೆ ಸೆನ್ಸರ್ ಚುಚ್ಚಿ ಎರಡು ಸಂಖ್ಯೆ ಬರ್ಕೊಂಡ, ನಡುವಿನ ಒಂದು ಸಂಖ್ಯೆ ಟೈಪ್ ಮಾಡಿ ಅಪ್‌ಲೋಡ್ ಒತ್ತಿದ. ಬೋರ್ಡಿನ ಪುಟ್ಟ ದೀಪ ಪಟಪಟ ಮಿಂಚಿತು. ಹಸಿ ಮಣ್ಣಿಗೆ ಇಟ್ಟಾಗ ಎಲ್‌ಇಡಿ ಆರಿತು.

ಫೋನು ಲ್ಯಾಪ್‌ಟಾಪಿಗೆ ಸಮ ಅಂತ ನಾನು ಹೇಳಲ್ಲ. ಪರದೆ ಚಿಕ್ಕದು, ಸೆಮಿಕೋಲನ್ ಹುಡುಕೋದೇ ಒಂದು ಸಾಹಸ, ಕೆಲವು ಫೋನಲ್ಲಿ ಓಟಿಜಿ ಇರೋದೇ ಇಲ್ಲ. ಆದರೆ ಅವತ್ತು ನಾನಿರಲಿಲ್ಲ ಅಂದಿದ್ರೂ, ಮುಂದಿನ ಸಲ ಅವನು ಆ ಸಂಖ್ಯೆ ಬದಲಿಸಬಲ್ಲ. ಶಾಲೆಯ ಬೀಗ ತೆಗೆಯೋ ತನಕ ಕಾಯಬೇಕಿಲ್ಲ. ನಾನು ಕಾಲೇಜಲ್ಲಿ ಸಾಲಲ್ಲಿ ನಿಂತು ಕಲಿತದ್ದನ್ನ ಅವನು ಬಾಳೆ ಗಿಡದ ಬುಡದಲ್ಲಿ ಕೂತು ಕಲಿತ.

ನಿಮ್ಮ ಮನೇಲೂ ಹಳೇ ಕೇಬಲ್ ಇದ್ರೆ ಡೇಟಾ ಹೋಗುತ್ತಾ ಅಂತ ಒಮ್ಮೆ ನೋಡಿ ಇಟ್ಕೊಳ್ಳಿ. ಮುಂದಿನ ಸಂಚಿಕೇಲಿ ಸಿಗೋಣ.